ಬಾಲರಾಜು ಮೇಷ್ಟ್ರ ಬೆನ್ನು

ನನ್ನ ತಮ್ಮ ಬಾಲರಾಜು ಹಿರಿಯೂರಿನ ಒಂದು ಕಾಲೇಜಿನಾಗೆ ಪಿ.ಟಿ. ಮೇಷ್ಟ್ರು. ಕೊರಳಾಗೆ ವಿಷಲ್ಲು, ಕಾಲಿಗೆ ಬಿಳೀ ಬೂಟು, ಹೊಟ್ಟೆ ಮೇಲೆ ಕಾಲೇಜಿನ ಹೆಸರಿರೋ ಟೀ ಶರ್ಟು. ನೋಡಿದೋರು ಭಾರೀ ಗಂಡ್ಸು ಅನ್ಕಬೇಕು. ನಾನು ಅನ್ಕಳಲ್ಲ. ನಾನು ಅವ್ನ ಅಕ್ಕ ಜಯಕ್ಕ, ಅವ್ನ ಮೂಗು ಒರೆಸಿ ಬೆಳೆಸಿದೋಳು.

ಧರ್ಮಪುರದ ಕಡೆ ನಮ್ಮ ಹಟ್ಟಿ. ಅಪ್ಪ ಜುಂಜಯ್ಯ ಕುರಿ ಕಾಯ್ತಿದ್ದ, ಈಗ ನಾನೂ ನನ್ನ ಗಂಡಾನೂ ಕಾಯ್ತೀವಿ. ಬಾಲ ಓದೋ ಹುಡುಗ ಅಂತ ಕುರಿ ಹಿಂದೆ ಹೋಗ್ಲಿಲ್ಲ. ಚಿಕ್ಕೋನಿದ್ದಾಗ್ಲೇ ಅವ್ನಿಗೊಂದು ರೋಗ. ಬಿಳೀ ಶರ್ಟು ಹಾಕ್ಕಂಡೋರು ಹಟ್ಟಿಗೆ ಬಂದ್ರೆ ಸಾಕು, ಬೆನ್ನು ತಾನಾಗೇ ಬಗ್ತಿತ್ತು. ಕೇಳೋಕೆ ಮುಂಚೆ ನೀರು ತರೋನು, ಹೊರಡೋರ ಚಪ್ಪಲಿ ತಿರುಗಿಸಿ ಇಡೋನು, ಕುರಿ ಡಾಕ್ಟ್ರು ಬಂದ್ರೆ ಅವ್ರ ಬೈಕು ಒರೆಸ್ತಾ ನಿಲ್ಲೋನು. ಈ ಹುಡುಗನಿಗೆ ಮೂಳೆ ಹಾಕೋದನ್ನ ದೇವ್ರು ಮರ್ತವ್ನೆ ಅಂತ ಅಪ್ಪ ಬೈತಿದ್ದ. ಕೆಲಸ ಸಿಕ್ಕಿದ ಮೇಲಾದ್ರೂ ನೆಟ್ಟಗಾಗ್ತಾನೆ ಅನ್ಕಂಡಿದ್ವಿ, ಇನ್ನೂ ಬಗ್ಗಿದ.

ಆಟ ಕಲಿಸೋದ್ರಾಗೆ ಮಾತ್ರ ಅವ್ನನ್ನ ಬೈಯಂಗಿಲ್ಲ, ಸುಳ್ಯಾಕೆ ಹೇಳ್ಲಿ. ಹುಡುಗೀರ ಫುಟ್‌ಬಾಲ್ ಟೀಮು ಕಟ್ಟಿ, ದಿನಾ ಬೆಳಿಗ್ಗೆ ಗ್ರೌಂಡ್‌ನಾಗೆ ಬೆವರು ಕೀಳಿಸ್ತಿದ್ದ. ನನ್ನ ಮಗಳು ಕೀರ್ತನಾ ಗೋಲ್ ಕಾಯೋಳು. ಅವ್ಳಿಗೆ ಅದು ಕಾಲೇಜಿನ ಕೊನೇ ವರ್ಷ. ಜಿಲ್ಲೆ ಫೈನಲ್ಲಿಗೆ ಯೂನಿವರ್ಸಿಟಿ ಟೀಮಿಗೆ ಆರಿಸೋರು ಬರ್ತಾರೆ, ಅಲ್ಲಿ ನಿನ್ನ ಆಟ ಅವ್ರ ಕಣ್ಣಿಗೆ ಬಿದ್ರೆ ಸಾಕು, ಇದೊಂದೇ ಅವಕಾಶ ಅಂತ ಇವ್ನೇ ಅವ್ಳ ತಲೆಗೆ ತುಂಬಿದ್ದು. ಆಮೇಲೆ ಹುಡುಗಿಗೆ ಉಣ್ಣೋದು ತಿನ್ನೋದು ಬೇಡಾಗೋತು. ಹೊಳಲ್ಕೆರೆಯಾಗೆ ಗೆದ್ರು. ಹೊಸದುರ್ಗದಾಗೆ ಆಟ ಸಮ ಆಗಿ ಪೆನಾಲ್ಟಿಗೆ ಹೋತು, ಕೊನೇ ಚೆಂಡನ್ನ ಇವಳು ಹಾರಿ ಹಿಡ್ದು ಎದೆಗೆ ಅವುಚ್ಕಂಡು ಬಿದ್ಲು. ಆ ವಿಡಿಯೋನ ನನ್ನ ಗಂಡ ಕುರಿ ಮೇಯಿಸ್ತಾ ಮೇಯಿಸ್ತಾ ಎಷ್ಟು ಸಲ ನೋಡಿದ್ನೋ.

ಫೈನಲ್ಲು ಚಿತ್ರದುರ್ಗದಾಗೆ. ಹಿಂದಿನ ದಿನ ಬಾಲ ಫೋನ್ ಮಾಡಿ ಒಂದು ಟಗರುಮರಿ ತಗಂಡು ಬಾರಕ್ಕ ಅಂದ. ಕಾಲೇಜ್ ಕಮಿಟಿ ಅಧ್ಯಕ್ಷ ತಿಪ್ಪೇರುದ್ರಪ್ಪನೋರು ಬಾವುಟ ತೋರ್ಸಿ ಟೀಮ್ ಕಳಿಸ್ತಾರಂತೆ, ಅವ್ರಿಗೆ ಕಂಬಳಿ ಹೊದಿಸಿ ಮರಿ ಕೊಟ್ಟು ಸನ್ಮಾನ ಮಾಡ್ಬೇಕಂತೆ. ಆಡೋರು ಹುಡುಗೀರು, ಸನ್ಮಾನ ಅಧ್ಯಕ್ಷರಿಗೆ! ಆದ್ರೂ ಮಗಳ ಮಕ ನೋಡಿ ಮರಿ ಎತ್ಕಂಡು ಹೋದೆ.

ಹುಡುಗೀರು ಬೂಟು ಕಟ್ಕಂಡು ಬಿಸಿಲಾಗೆ ಸಾಲಾಗಿ ನಿಂತಿದ್ರು. ಟೆಂಪೋ ರೆಡಿ ಇತ್ತು. ಅಧ್ಯಕ್ಷರು ಬಂದಿದ್ದೇ ತಡವಾಗಿ. ಬಂದೋರು ಮೈಕ್ ಹಿಡ್ದು, ತಾವು ಚಿಕ್ಕೋರಿದ್ದಾಗ ಆಡಿದ ಕಬಡ್ಡಿಯಿಂದ ಶುರು ಮಾಡಿದ್ರು. ಆಮೇಲೆ ಕಂಬಳಿ ಆತು. ಮರಿ ಕೊಡೋ ಹೊತ್ತಿಗೆ ನಮ್ಮ ಮೇಷ್ಟ್ರು ಅದನ್ನ ಹೂಬುಟ್ಟಿ ಎತ್ತಿದಂಗೆ ಎತ್ತಿದ. ಕುರಿಯೋರ ಮಗ, ಮರಿ ಕಾಲು ಸೇರ್ಸಿ ಹಿಡೀಬೇಕು ಅನ್ನೋದೇ ಮರ್ತಿದ್ದ. ಅದು ಅಧ್ಯಕ್ಷರ ಎದೆಗೆ ಒದ್ದು ಸ್ಟೇಜಿಂದ ಹಾರಿ ಗ್ರೌಂಡಿಗೆ ಓಡ್ತು. ಫೋಟೋದೋನು ಇನ್ನೂ ಕ್ಯಾಮೆರಾ ತಿರುವ್ತಿದ್ದ. ಮ್ಯಾಚ್‌ಗೆ ಹೋಗ್ಬೇಕಾದ ಟೀಮು ಮರಿ ಅಟ್ಟಿಸ್ಕಂಡು ಹೋತು. ಕೊನೆಗೆ ಕೀರ್ತನಾನೇ ಅಡ್ಡ ಬಿದ್ದು ಹಿಡ್ದು ತಂದ್ಲು, ಮಂಡಿ ಕಿತ್ತೋಗಿತ್ತು.

ಮರಿ ಕೊಟ್ಟು ಹೊರಡಬಹುದಿತ್ತು. ಅಧ್ಯಕ್ಷರು ಫೋಟೋ ಬಂತಾ ಅಂದ್ರು. ಬಂದಿಲ್ಲ ಅಂತ ಗೊತ್ತಾಗಿದ್ದೇ ತಡ, ಬಾಲ ಅವ್ರ ಹೆಗಲ ಮೇಲಿನ ಕಂಬಳಿ ತೆಗ್ದು, ಮಡಚಿ, ಮೊದ್ಲಿಂದ ಹೊದಿಸಿದ. ಅದಕ್ಕೆ ಸರಿಯಾಗಿ ಅಧ್ಯಕ್ಷರು ಇನ್ನೆರಡು ಮಾತು ಅಂತ ಮೈಕ್ ತಗಂಡ್ರು.

ಕೀರ್ತನಾ ಸ್ಟೇಜ್ ಹತ್ರ ಬಂದು ಕೈ ಮುಗಿದ್ಲು. "ಮಾವ, ಹೋಗಾಣ. ಹೊತ್ತಾತು."

"ಸುಮ್ನಿರಮ್ಮ. ಅಧ್ಯಕ್ಷರು ಮಾತಾಡ್ತಾ ಅವ್ರೆ, ನಡುವೆ ಹೆಂಗೆ ಎದ್ದು ಹೋಗೋದು?" ಅಂದ. ಅವ್ಳ ಕಡೆ ನೋಡ್ಲೂ ಇಲ್ಲ.

ಆ ವಿಷಲ್ಲು ಕೊರಳಾಗೆ ಯಾಕೆ ನೇತಾಕ್ಕಂಡಿದ್ನೋ, ಒಂದು ಸಲ ಊದಿದ್ರೆ ಸಾಕಿತ್ತು.

ನಾವು ಚಿತ್ರದುರ್ಗ ಸೇರೋ ಹೊತ್ತಿಗೆ ಗ್ರೌಂಡ್‌ನಾಗೆ ನೆಟ್ಟು ಬಿಚ್ತಿದ್ರು. ಟೀಮು ಬರ್ಲಿಲ್ಲ ಅಂತ ಎದುರಾಳಿಗಳಿಗೆ ವಾಕ್ ಓವರ್ ಕೊಟ್ಟಿದ್ರು. ಆರಿಸೋರು ಆಗ್ಲೇ ಹೊರಟೋಗಿದ್ರು. ಕೀರ್ತನಾ ಗೋಲ್ ಕಂಬದ ನಡುವೆ ಹೋಗಿ ಗ್ಲೌಸ್ ಹಾಕ್ಕಂಡು ನಿಂತ್ಲು, ಎಷ್ಟು ಕರೆದ್ರೂ ಬರ್ಲಿಲ್ಲ. ನಾನೇ ಹೋಗಿ ತಬ್ಕಂಡು ಕರ್ಕಂಡು ಬಂದೆ. ಬಾಲ ದೂರ ನಿಂತು ಫೋನ್‌ನಾಗೆ ಹಲ್ಲು ಕಿರೀತಿದ್ದ. ರನ್ನರ್ ಅಪ್ ಕಪ್ ನಮಗೇ ಬರುತ್ತೆ ಸಾರ್ ಅಂತ ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸ್ತಿದ್ದ.

ಆಡದೇ ಸೋತಿದ್ದಕ್ಕೂ ಕಾಲೇಜಿನಾಗೆ ಸನ್ಮಾನ ಇಟ್ಕಂಡ್ರು. ಗೇಟಿಗೆ ಫ್ಲೆಕ್ಸು, ಅದ್ರಾಗೆ ಅಧ್ಯಕ್ಷರ ಮಕ ಮೊರದಷ್ಟಗಲ, ಹುಡುಗೀರ ಮಕ ಬೆರಳಷ್ಟು. ಬಾಲ ಹಟ್ಟಿಗೇ ಬಂದು ಕಾಲು ಹಿಡ್ಕಂಡಂಗೆ ಮಾಡಿ ನಮ್ಮನ್ನ ಕರ್ಕಂಡು ಹೋದ. ಕಪ್ಪನ್ನ ಕೀರ್ತನಾ ಕೈಗೇ ಕೊಡ್ತಾರೆ ಅಂದಿದ್ದ.

ಹೆಸ್ರು ಕರೆದ್ರು, ಹೋದ್ಲು. ಅಧ್ಯಕ್ಷರು ಕ್ಯಾಮೆರಾ ನೋಡ್ತಾ, ಅವ್ಳನ್ನ ನೋಡದೇ ಕಪ್ ಮುಂದೆ ಚಾಚಿ ಕೈ ಬಿಟ್ರು. ವರ್ಷವಿಡೀ ಎದುರಿಗೆ ಬಂದಿದ್ದನ್ನೆಲ್ಲ ಹಾರಿ ಹಿಡಿದೋಳು ಅವತ್ತು ಕೈ ಚಾಚ್ಲಿಲ್ಲ. ಕಪ್ ಟಣ್ಣಂತ ಬಿತ್ತು. ಅವ್ಳು ಮೆಟ್ಲು ಇಳಿದು ಬಂದು ನನ್ನ ಪಕ್ಕ ಕುಂತ್ಲು.

ಆವಾಗ್ಲಾದ್ರೂ ನನ್ನ ತಮ್ಮ ತಲೆ ತಗ್ಗಿಸ್ತಾನೆ ಅನ್ಕಂಡೆ. ತಗ್ಗಿಸಿದ, ಕಪ್ ಎತ್ಕಳಾಕೆ. ಅದ್ರ ಧೂಳನ್ನ ತನ್ನ ಟೀ ಶರ್ಟಿನಾಗೆ ಒರೆಸಿ, ಎರಡೂ ಕೈಯಾಗೆ ಹಿಡ್ದು ಅಧ್ಯಕ್ಷರ ಕೈಗೆ ವಾಪಸ್ ಕೊಟ್ಟು, ಸೊಂಟದಷ್ಟಕ್ಕೆ ಬಗ್ಗಿ ನಿಂತ.

"ಸಾರ್, ಇನ್ನೊಂದ್ಸಲ," ಅಂದ. "ಫೋಟೋ ಬಂದಿಲ್ಲ."