ಮೌನೇಶ್ವರಿ ಟೀಚರು ಫೈನಲ್ ನಿಲ್ಲಿಸಿದ್ದು

ಕಕ್ಕೇರಾದ ಮೌನೇಶ್ವರಿ ಶಹಾಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಸಗರನಾಡು ಬಾಸ್ಕೆಟ್‌ಬಾಲ್ ಸಂಘಕ್ಕೆ ಕಾರ್ಯದರ್ಶಿಯಾದ ಮೊದಲ ಹೆಂಗಸು ಅವರೇ. ಯಾರೋ ಗೌರವದಿಂದ ಕೊಟ್ಟ ಹುದ್ದೆಯಲ್ಲ ಅದು. ಪದಾಧಿಕಾರಿಗಳಲ್ಲಿ ಒಬ್ಬ ಮಹಿಳೆ ಇರಲೇಬೇಕೆಂಬ ನಿಯಮ ಬಂದಿತ್ತು, ಅಷ್ಟೆ. ಅಧ್ಯಕ್ಷ ಬಸವಂತ್ರಾಯರು ಮೊದಲ ದಿನವೇ ಹೇಳಿದ್ದರು: "ನೀವು ಬರೇ ಸಹಿ ಮಾಡ್ರಿ ಟೀಚರ್. ಉಳದದ್ದು ನಾವ್ ನೋಡ್ಕೋತೀವಿ."

ಆ ವರ್ಷ ಮೇ ತಿಂಗಳಲ್ಲಿ ಯಾದಗಿರಿಯಲ್ಲಿ ಹುಡುಗಿಯರ ಟೂರ್ನಮೆಂಟ್ ನಡೆಯಿತು. ನಾನು ಸ್ಕೋರ್ ಬರೆಯುತ್ತಿದ್ದೆ. ಸೆಮಿಫೈನಲ್ ಮುಗಿಯುವ ಹೊತ್ತಿಗೆ ಸುರಪುರ ತಂಡದ ಶಿವಾನಿ ಕೋರ್ಟಿನ ನಡುವೆ ಕುಸಿದುಬಿದ್ದಳು. ನೆರಳಿಗೆ ತಂದು ಮುಖಕ್ಕೆ ನೀರು ಚಿಮುಕಿಸಿದೆವು.

"ಮುಂಜಾನಿಂದ ನೀರು ಕುಡದಿಲ್ಲೇನು?" ಎಂದು ಮೌನೇಶ್ವರಿ ಕೇಳಿದರು.

"ಇಲ್ರಿ ಮಿಸ್. ನಾವ್ ಯಾರೂ ಕುಡದಿಲ್ಲ. ಕುಡದ್ರ ಪಾಯಖಾನಿಗಿ ಹೋಗಬೇಕಾಗ್ತದ."

ಹುಡುಗಿಯರನ್ನು ಇಳಿಸಿದ್ದು ಒಂದು ಹಳೆಯ ಮದುವೆ ಹಾಲಿನಲ್ಲಿ. ಟೀಚರು ನೇರ ಅಲ್ಲಿಗೆ ನಡೆದರು, ಹಿಂದೆ ನಾನು. ಅರವತ್ತು ಹುಡುಗಿಯರಿಗೆ ಒಂದೇ ಪಾಯಖಾನೆ. ಅದೂ ಕಟ್ಟಿಕೊಂಡು ಹೊಸ್ತಿಲವರೆಗೆ ಉಕ್ಕಿತ್ತು. ಗೋಡೆ ತುಂಬ ಗುಟ್ಕಾ ಉಗುಳು, ಬಾಗಿಲಿಗೆ ಚಿಲಕವಿಲ್ಲ. ಮೂಲೆಯಲ್ಲಿ ಯಾರದೋ ಮದುವೆಯೂಟದ ಎಲೆಗಳು ಕೊಳೆತು ಹುಳ ಹರಿದಾಡುತ್ತಿದ್ದವು. ಟೀಚರು ಹೊರಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡರು.

ನಾವು ಹುಡುಕಿಕೊಂಡು ಹೋದಾಗ ಬಸವಂತ್ರಾಯರು ತಾವು ಇಳಿದಿದ್ದ ಎ.ಸಿ. ಲಾಡ್ಜಿನಲ್ಲಿ ಅತಿಥಿಗಳ ಜೊತೆ ಊಟಕ್ಕೆ ಕೂತಿದ್ದರು. ವಿಷಯ ಕೇಳಿ ಎಂಜಲು ಕೈಯಲ್ಲೇ ಫೋನ್ ಎತ್ತಿದರು. "ಮಲ್ಲಿಕಮ್ಮನ್ನ ಕರಸ್ತೀನಿ. ಬಕೀಟು ತಗೊಂಡು ಹತ್ತು ಮಿನಿಟಿನಾಗ ಬಳದು ಹಾಕ್ತಾಳ."

ಮಲ್ಲಿಕಮ್ಮ ಆ ಹಾಲಿನ ಕಸ ಗುಡಿಸುವ ಮುದುಕಿ. ಮೌನೇಶ್ವರಿಯವರ ಮುಖ ಹಾಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ನಿಮ್ಮ ತಾಯಿ ವಯಸ್ಸಿನಾಕಿನ್ನ ಕೈಲೆ ಬಳ್ಯಾಕ ಹಚ್ತೀರೇನ್ರಿ? ಆ ಪಾಯಖಾನಿಕಿಂತ ಈ ಮಾತಿಗೇ ನನಗ ಹೇಸಿಗಿ ಬರಾಕತ್ತದ. ಹೊಲಸು ಜಗ್ಗೋ ಮಶೀನ್ ತರಸ್ರಿ. ನೀವೆಲ್ಲಾ ಆ ಹಾಲಿಗಿ ಹೋಗ್ರಿ, ಹುಡುಗ್ಯಾರು ಈ ರೂಮಿಗಿ ಬರ್ತಾರ. ಅಲ್ಲೀತನ ಫೈನಲ್ ಆಗಂಗಿಲ್ಲ."

"ಹೆಣ್ಮಕ್ಕಳನ್ನ ಕುರ್ಚಿ ಮ್ಯಾಲ ಕೂಡ್ಸಿದ್ರ ಇದೇ ಹಣೇಬರಹ," ಎಂದು ಅತಿಥಿಯೊಬ್ಬರು ನಕ್ಕರು. ರಾಜ್ಯಮಟ್ಟಕ್ಕೆ ಕಳಿಸುವ ಪಟ್ಟಿಗೆ ಕಾರ್ಯದರ್ಶಿಯ ಸಹಿಯೇ ಬೇಕೆಂದು ನೆನಪಾದ ಮೇಲೆ ನಗು ನಿಂತಿತು.

ಸಂಜೆಗೆ ಲಾಡ್ಜಿನ ರೂಮುಗಳು ಖಾಲಿಯಾಗಿ ಹುಡುಗಿಯರು ಬಂದರು. ದೊಡ್ಡವರು ಯಾರೂ ಹಾಲಿಗೆ ಹೋಗಲಿಲ್ಲ, ಕಾರು ಹತ್ತಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಫೈನಲ್ ಆಯಿತು.

ಸಂಘದ ಮುಂದಿನ ಚುನಾವಣೆಯಲ್ಲಿ ಎಲ್ಲರೂ ಸೇರಿ ಟೀಚರನ್ನು ಸೋಲಿಸಿದರು. ಬೆನ್ನ ಹಿಂದೆ 'ಪಾಯಖಾನಿ ಮೇಡಂ' ಎಂದು ಹೆಸರಿಟ್ಟರು. ಆದರೆ ಮೌನೇಶ್ವರಿ ಟೀಚರು ಮೊದಲು ಇಳಿಯುವ ಜಾಗ ನೋಡದಿದ್ದರೆ ನಾವು ಬರುವುದಿಲ್ಲವೆಂದು ಆರು ತಂಡಗಳು ಪತ್ರ ಬರೆದವು. ಕಡೆಗೆ ಬಸವಂತ್ರಾಯರೇ ಶಹಾಪುರಕ್ಕೆ ಬಂದು ಕರೆದರು. ಈಗ ರಾಜ್ಯ ಸಮಿತಿಯಲ್ಲಿ ಹುಡುಗಿಯರ ಪಂದ್ಯಗಳ ಉಸ್ತುವಾರಿ ಅವರದೇ.

ಮೇಲೆ ಹೋದಷ್ಟೂ ಹೇಸಿಗೆ ಹೆಚ್ಚಿದೆ ಎನ್ನುತ್ತಾರೆ ಟೀಚರು. ಕಳೆದ ತಿಂಗಳ ಸಭೆಯಲ್ಲಿ ಹುಡುಗಿಯರ ಆಟದ ಚಡ್ಡಿ ಎಷ್ಟು ಉದ್ದವಿರಬೇಕೆಂದು ಗಂಡಸರು ಒಂದು ತಾಸು ಚರ್ಚಿಸಿದರಂತೆ. ಒಬ್ಬರಂತೂ ತಮ್ಮ ತೊಡೆಯ ಮೇಲೆ ಬೆರಳಿಟ್ಟು ಅಳತೆ ತೋರಿಸಿ ತೋರಿಸಿ ನಗುತ್ತಿದ್ದರಂತೆ.

"ಎದ್ದು ಬರಬೇಕಿತ್ರಿ," ಎಂದೆ.

"ನಾ ಎದ್ದು ಬಂದ್ರ ಅಲ್ಲಿ ಅವರಷ್ಟೇ ಉಳೀತಾರಲ್ರಿ."