ರಾಜಿಗೆ ಒಪ್ಪದ ಲಾಯರಮ್ಮ

ನಮ್ಮ ಸಾರಿಗೆ ಸಂಸ್ಥೆಯ ಕಾನೂನು ವಿಭಾಗವೆಂದರೆ ಅಪಘಾತ ಪರಿಹಾರದ ದಾವೆಗಳನ್ನು ಎದುರಿಸುವ ಕಚೇರಿಯೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಬಸ್ಸಿನಲ್ಲಿ ಏಟು ತಿಂದ ಚಾಲಕ, ನಿರ್ವಾಹಕರ ಬೆನ್ನಿಗೂ ಅದು ನಿಲ್ಲಬೇಕೆಂದು ಹೇಳಿ, ನಿಲ್ಲಿಸಿಯೂ ತೋರಿಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಕಾನೂನು ಅಧಿಕಾರಿಗಳು. ಕಚೇರಿಯಲ್ಲಿ ಅವರು ಮೇಡಂ, ಡಿಪೋದಲ್ಲಿ ಲಾಯರಮ್ಮ. ಅವರ ಕೈಕೆಳಗೆ ವಕೀಲಿಕೆಯ ಒಳಹೊರಗು ಕಲಿತ ನನಗೆ ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ಭಾಗ್ಯವೇ ಸರಿ.

ಅವರು ಸೇವೆಗೆ ಸೇರಿದ ದಿನಗಳಲ್ಲೂ ಕರ್ತವ್ಯನಿರತ ನೌಕರನ ಮೇಲೆ ಕೈ ಮಾಡುವುದು ಅಪರಾಧವೇ ಆಗಿತ್ತು. ಆದರೆ ದೂರು ಕೊಡಬೇಕಾದವನು ಏಟು ತಿಂದವನೇ. ಸ್ವಂತ ರಜೆ ಹಾಕಿ ನ್ಯಾಯಾಲಯದ ಜಗಲಿಯಲ್ಲಿ ಕಾಯಬೇಕಾದವನೂ ಅವನೇ. "ಅಯ್ಯೋ ಬಿಡಪ್ಪ, ದಿನಾ ಅದೇ ರೂಟಲ್ಲಿ ಓಡಾಡೋನು ನೀನು, ದ್ವೇಷ ಯಾಕೆ?" ಎಂಬ ಹಿತವಚನ ಠಾಣೆಯಲ್ಲಿ ದೊರೆಯುತ್ತಿತ್ತು. ಏಟು ತಿಂದವರು ರಾಜಿಗೆ ತಲೆಯಾಡಿಸಿ, ಊದಿದ ಕೆನ್ನೆಯಲ್ಲೇ ಮತ್ತೆ ಡ್ಯೂಟಿಗೆ ಬರುತ್ತಿದ್ದರು.

ಹೀಗಿರುವಾಗ, ಹಾರನ್ ಹಾಕುವುದಕ್ಕೂ ಸಂಕೋಚಪಡುವವರೆಂದು ಎಲ್ಲರೂ 'ಸಾಧು' ಎಂದು ಕರೆಯುತ್ತಿದ್ದ ಹಿರಿಯ ಚಾಲಕರೊಬ್ಬರು ದಾರಿ ಬಿಡಲು ತಡಮಾಡಿದರೆಂದು ಬೈಕಿನ ಯುವಕನೊಬ್ಬ ಬಸ್ಸನ್ನು ಅಡ್ಡಗಟ್ಟಿ, ಹೆಲ್ಮೆಟ್ಟಿನಿಂದ ಅವರ ಮುಖಕ್ಕೆ ಹೊಡೆದ. ಬಲಗಣ್ಣು ಹೋಯಿತು. ನಾನೂ ಮೇಡಂ ಅವರೂ ಆಸ್ಪತ್ರೆಗೆ ಹೋದಾಗ ಪೊಲೀಸರು ಆರೋಪಿಯ ಹೆಸರು ಹೇಳಿದರು. ಮೇಡಂ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದರು.

"ಅವನು ನಮ್ಮಣ್ಣನ ಮಗ," ಎಂದರು. ನನ್ನ ಕಡೆ ತಿರುಗಿದರು. "ಈ ಕೇಸಿಗೆ ನಾನು ಕೈ ಹಾಕೋ ಹಾಗಿಲ್ಲ. ನೀವು ನೋಡ್ಕೊಳ್ಳಿ. ನನ್ನ ಮುಖ ನೋಡಿ ಕಡಿಮೆನೂ ಮಾಡ್ಬೇಡಿ, ಜಾಸ್ತಿನೂ ಮಾಡ್ಬೇಡಿ."

ಮರುದಿನ ಅವರಣ್ಣ ಕಚೇರಿಗೇ ಬಂದರು. ನಾನೂ ಅಲ್ಲಿದ್ದೆ.

"ನೀನೇ ಎತ್ತಿ ಆಡಿಸಿದ ಮಗು ಕಣೇ. ಆ ಡ್ರೈವರ್‌ಗೆ ಒಂದು ಮಾತು ಹೇಳು, ರಾಜಿ ಆಗ್ತಾನೆ."

"ನಾನು ಹೇಳಿದ್ರೆ ಆಗ್ತಾರೆ ಅಣ್ಣ. ಅದಕ್ಕೇ ಹೇಳಲ್ಲ."

"ಹಾಗಾದ್ರೆ ತವರು ಮನೆ ಇನ್ನಿಲ್ಲ ಅಂತ ತಿಳ್ಕೋ."

ಅಷ್ಟು ಹೇಳಿ ಅಣ್ಣ ಹೊರಟುಹೋದರು.

ರಾಜಿಯ ಮಾತು ಸಾಧುವಿನ ಮನೆಗೂ ಹೋಯಿತು. ಅವರು ಮೆತ್ತಗಾಗಿದ್ದರು, ಆದರೆ ಅವರ ಹೆಂಡತಿಯೇ ಬಂದವರನ್ನು ಕೇಳಿದರಂತೆ: "ಕಣ್ಣು ಹೋಗಿದ್ದು ಇವರದು, ಮರ್ಯಾದೆ ಹೋಗಿದ್ದು ನಿಮ್ಮದಾ?" ಸಾಧು ಸಾಕ್ಷಿ ನುಡಿದರು. ಯುವಕನಿಗೆ ಜೈಲಾಯಿತು.

ಅನಂತರದ ವರ್ಷಗಳನ್ನು ಮೇಡಂ ಒಂದೇ ಕೆಲಸಕ್ಕೆ, ಸಂಸ್ಥೆಯಲ್ಲಿ ಹೊಸ ನಿಯಮ ತರಿಸುವುದಕ್ಕೆ, ಮುಡಿಪಿಟ್ಟರು. ಹಲ್ಲೆಯಾದರೆ ದೂರುದಾರ ನೌಕರನಲ್ಲ, ಸಂಸ್ಥೆ. ಸಾಕ್ಷಿ ಹೇಳುವ ದಿನವೂ ಕರ್ತವ್ಯದ ದಿನ. ಠಾಣೆಗೆ ಜೊತೆಯಲ್ಲಿ ನಮ್ಮ ವಕೀಲರು. ಪ್ರಯಾಣಿಕರು ಮುನಿಸಿಕೊಂಡಾರು ಎಂದು ಆಡಳಿತ ಮಂಡಳಿ ಮತ್ತೆ ಮತ್ತೆ ಹಿಂಜರಿಯಿತು. "ಒಂಟಿ ಮನುಷ್ಯನ್ನ ಹೆದರಿಸಿ ಒಪ್ಪಿಸಬಹುದು, ಸಂಸ್ಥೇನ ಯಾರು ಹೆದರಿಸ್ತಾರೆ?" ಎಂದು ಅವರು ಪಟ್ಟು ಸಡಿಲಿಸಲಿಲ್ಲ. ಕೊನೆಗೆ ನಿಯಮ ಜಾರಿಗೆ ಬಂತು. ಸಾಧುವಿಗೆ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಕೂಗುವ ಕೆಲಸ ಕೊಡಿಸಿದವರೂ ಅವರೇ.

ಶಿಕ್ಷೆ ಮುಗಿಸಿ ಬಂದ ಅಣ್ಣನ ಮಗ ಒಂದು ದಿನ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತ. "ನನ್ನ ಹತ್ರ ಯಾಕೋ ಬಂದೆ? ಏಟು ತಿಂದೋರ ಹತ್ರ ಹೋಗು," ಎಂದರು. ಹೋದ. ಸಾಧು ಅವನನ್ನು ಕೂರಿಸಿ, "ಬಂದಿದ್ದು ಒಳ್ಳೇದಾಯ್ತು. ಕ್ಷಮಿಸಿದೆ ಅನ್ನೋಕೆ ಮಾತ್ರ ನನ್ಗಿನ್ನೂ ಬಾಯಿ ಬರಲ್ಲಪ್ಪ," ಎಂದರಂತೆ. ಅಣ್ಣ ಮಾತ್ರ ಇಂದಿಗೂ ತಂಗಿಯೊಂದಿಗೆ ಮಾತಾಡಿಲ್ಲ. ಆ ನೋವನ್ನು ಮೇಡಂ ಯಾರೆದುರಿಗೂ ಹೇಳಿಕೊಂಡವರಲ್ಲ.

ನಿವೃತ್ತಿಯ ನಂತರ ಹೊಸ ನೌಕರರಿಗೆ ಅವರ ಹಕ್ಕುಗಳ ಪಾಠ ಹೇಳಲು ಒಪ್ಪಿದ್ದಾರೆ. ಆ ಪಾಠಕ್ಕೆ ಬೇಕಾದ ಆಯುರಾರೋಗ್ಯ ಅವರಿಗೆ ಧಾರಾಳವಾಗಿ ಒದಗಲಿ. ಬೆಳಿಗ್ಗೆ ಡಿಪೋದಿಂದ ಹೊರಟ ಪ್ರತಿಯೊಬ್ಬರೂ ಹೋದ ಹಾಗೆಯೇ ಮನೆಗೆ ಮರಳಲಿ.