ತಲೆನೋವಿಗೂ ಒಂದು ಟಿಕೆಟ್ ಹರಿದೆ

ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಬಿಡಲು ಸೀಟಿ ಊದಿದೆ ನೋಡಿ, ಎಡಗಣ್ಣಿನ ಹಿಂದೆ ಮೊಳೆ ಹೊಡೆದಂತಾಯಿತು. ವಾಂತಿ ಬಂತು. ಬಸ್ಸಿನ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕುಳಿತುಬಿಟ್ಟೆ...

ನಾನು ಯಲಬುರ್ಗಾ–ಹೊಸಪೇಟೆ ಬಸ್ಸಿನ ಕಂಡಕ್ಟರ್. ಆರು ವರ್ಷದಿಂದ ಮೈಗ್ರೇನ್. ತಿಂಗಳಲ್ಲಿ ಅರ್ಧದಷ್ಟು ದಿನ ಅದಕ್ಕೇ ಹೋಗುತ್ತಿದ್ದವು.

ಅವತ್ತು ಡಿಪೋ ಸಾಹೇಬರು ಕರೆದರು. "ಅಕ್ಕಾರ, ಇನ್ನೊಮ್ಮೆ ಹಿಂಗಾತಂದ್ರ ನಿಮ್ಮನ್ನ ಆಫೀಸಿಗೆ ಹಾಕ್ತೀನ್ರಿ."

ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಆದರೂ ನನಗೆ ಸಿಟ್ಟು ಬಂತು. ನಾನು ಈ ನೌಕರಿಗೆ ಬಂದಿದ್ದು ಬಸ್ಸಿಗಾಗಿ, ಕುರ್ಚಿಗಾಗಿ ಅಲ್ಲ.

ಡಾಕ್ಟರು ಗುಳಿಗೆ ಬಿಡಬೇಡಿ ಎಂದು ಹೇಳಿ, ಜೊತೆಗೆ ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ, ಮಾಡುವ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರು.

ನಮ್ಮ ಅತ್ತೆ ಬೆಚ್ಚಿಬಿದ್ದರು. "ವಶೀಕರಣ ಮಾಡೋರ ಕಡೆ ಹೊಂಟಿಯೇನವಾ? ಕಿವ್ಯಾಗಿನ ಬಂಗಾರ ಬಿಚ್ಚಿಟ್ಟು ಹೋಗು!"

ಮೇಡಂ ಮೈಸೂರು ಕಡೆಯವರು. ಮೆತ್ತಗಿನ ದನಿ. "ಕಣ್ಣು ಮುಚ್ಚಿ, ಉಸಿರನ್ನ ಗಮನಿಸಿ. ನೀವೀಗ ಸಮುದ್ರದ ದಡದಲ್ಲಿದ್ದೀರಿ..."

ಸಮುದ್ರ ಯಾರು ನೋಡಿದ್ದಾರೆ? ಮೂರು ಸಲ ಹೋದರೂ ನನ್ನ ಮನಸ್ಸು ಆ ದಡ ಮುಟ್ಟಲಿಲ್ಲ. ಕೊನೆಗೆ ಹೇಳಿಯೇಬಿಟ್ಟೆ, "ಮೇಡಂ, ಸಮುದ್ರ ಬ್ಯಾಡ್ರಿ. ನನ್ನ ಬಸ್ಸಿನ್ಯಾಗ ಕುಂದ್ರಸ್ರಿ."

ಮೇಡಂ ನಕ್ಕರು. ಆದರೆ ಒಪ್ಪಿದರು. "ಸರಿ. ತಲೆನೋವು ಹತ್ತುತ್ತಾ ಇದೆ. ತಳ್ಳಬೇಡಿ, ಟಿಕೆಟ್ ಕೊಡಿ. ಎಲ್ಲಿ ಕೂರುತ್ತೆ, ಎಲ್ಲಿ ಇಳಿಯುತ್ತೆ, ಸುಮ್ಮನೆ ನೋಡ್ತಾ ಇರಿ."

ಮನಸ್ಸಿನಲ್ಲೇ ಯಲಬುರ್ಗಾ ಬಿಟ್ಟೆವು, ಕುಕನೂರು ದಾಟಿದೆವು... ಬಿಗಿಹಿಡಿದ ದವಡೆ ಸಡಿಲವಾಯಿತು. ಎಲ್ಲಿ ಕುಳಿತಿದ್ದೇನೆ ಎಂಬುದೇ ಮರೆತುಹೋಯಿತು.

ಕಣ್ಣು ಬಿಡಿ ಎಂದಾಗ ನಾನು "ಹೋಲ್ಡಾನ್!" ಎಂದು ಕೂಗಿದೆನಂತೆ. ಹೊರಗೆ ಬೆಂಚಿನ ಮೇಲಿದ್ದ ಇಬ್ಬರು ಇಳಿಯಲು ಎದ್ದು ನಿಂತರಂತೆ!

ನಾಲ್ಕು ತಿಂಗಳು ದಿನಾ ಮನೆಯಲ್ಲಿ ಅದನ್ನೇ ಮಾಡಿದೆ.

ಮೊನ್ನೆ ಹುಣ್ಣಿಮೆ. ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೊರಟ ಭಕ್ತರಿಂದ ಬಸ್ಸು ತುಂಬಿ ಕಾಲಿಡಲು ಜಾಗವಿಲ್ಲ. ಗಿಣಿಗೇರಿ ಹತ್ತಿರ ಎಡಗಣ್ಣು ಮಿಡಿಯತೊಡಗಿತು.

ಕಂಬಿ ಹಿಡಿದು ನಿಂತೆ. ಉಸಿರು ಒಳಗೆ, ಹೊರಗೆ. ಬಾ ತಾಯಿ, ಹತ್ತು ಎಂದು ನೋವಿಗೆ ಮನಸ್ಸಿನಲ್ಲೇ ಅಂದೆ.

ಡ್ರೈವರ್ ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿ ಗಾಬರಿಯಾದರು. "ಕುಂದ್ರವಾ ಸ್ವಲ್ಪ."

"ಇದು ಹುಲಿಗಿ ಗಿರಾಕಿ ಐತಣ್ಣ, ಅಲ್ಲೇ ಇಳಿತೈತಿ" ಎಂದೆ. ಅವರಿಗೆ ಒಂದೂ ಅರ್ಥವಾಗಲಿಲ್ಲ.

ಒಬ್ಬರನ್ನೂ ಬಿಡದೆ ಟಿಕೆಟ್ ಕೊಟ್ಟೆ. ಹುಲಿಗಿಯಲ್ಲಿ ಜನ ಇಳಿದು ಬಸ್ಸು ಖಾಲಿಯಾಗುವಾಗ ನೋಡುತ್ತೇನೆ, ನೋವು ಮುಕ್ಕಾಲು ಪಾಲು ಇಲ್ಲ!

ಸೀಟಿ ತೆಗೆದು ಎರಡು ಸಲ ಜೋರಾಗಿ ಊದಿದೆ. ಅಳು ಬಂತು, ಖುಷಿಗೆ.

ಮೈಗ್ರೇನ್ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಗುಳಿಗೆ ಈಗಲೂ ಬ್ಯಾಗಿನಲ್ಲಿದೆ. ಆದರೆ ತಿಂಗಳಿಗೆ ನಾಲ್ಕೈದು ದಿನಕ್ಕೆ ಇಳಿದಿದೆ.

ಇವತ್ತು ಡ್ಯೂಟಿ ಚಾರ್ಟಿನಲ್ಲಿ ಸಾಹೇಬರು ಆಫೀಸಿನ ಮಾತೆತ್ತದೆ ತಾವೇ ನನ್ನ ಹೆಸರು ಬರೆದರು.

ನಾಳೆ ಬೆಳಗ್ಗೆ ಯಲಬುರ್ಗಾದಿಂದ ಹೊರಡುವ ಮೊದಲ ಬಸ್ಸಿಗೆ ನಾನೇ ಕಂಡಕ್ಟರ್... ಯಾರ್ಯಾರು ಹತ್ತುತ್ತೀರಿ?